ಪರಸಿ ಮನೆಯ ಬೇಸಿಗೆ, ಫ್ಯಾನಿನ ಮೋಟಾರು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸತೇನಲ್ಲ. ಹಗಲೆಲ್ಲ ಕಾದ ಪರಸಿ ಕಲ್ಲಿನ ಚಪ್ಪಡಿಯ ಛಾವಣಿ ರಾತ್ರಿ ಬಹಳ ಹೊತ್ತಿನವರೆಗೂ ಆ ಕಾವನ್ನು ಮನೆಯೊಳಗೆ ಬಿಡುತ್ತಲೇ ಇರುತ್ತದೆ. ಎ.ಸಿ. ಇಲ್ಲದ ಮನೆಯಲ್ಲಿ ಫ್ಯಾನು, ಕೂಲರು ಆರಿಸಿ ಮಲಗುವ ಮಾತೇ ಇಲ್ಲ. ಕರೆಂಟು ಉಳಿಸಬೇಕೆಂದರೆ ಬಲ್ಬಿಗಿಂತ ಮೊದಲು ನೋಡಬೇಕಾದ್ದು ಫ್ಯಾನಿನ ನಡುವಿರುವ ಮೋಟಾರನ್ನು.

ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಅದರಲ್ಲಿರುವುದು ಇಂಡಕ್ಷನ್ ಮೋಟಾರು. ತಿರುಗುವ ಭಾಗದಲ್ಲೂ ಕರೆಂಟು ಹರಿದರೆ ಮಾತ್ರ ಅದು ತಿರುಗುತ್ತದೆ. ಹಾಗೆ ಹರಿಯುವಾಗ ಶಕ್ತಿಯ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ರಾತ್ರಿಯಿಡೀ ತಿರುಗಿದ ಫ್ಯಾನನ್ನು ಆರಿಸಿ, ನಿಂತ ಮೇಲೆ ನಡುವಿನ ಡಬ್ಬಿ ಮುಟ್ಟಿದರೆ ಆ ಬಿಸಿ ಕೈಗೇ ತಿಳಿಯುತ್ತದೆ. ಹೊಸ ಮಾದರಿಯ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿ.ಸಿ. ಮೋಟಾರಿನ) ಫ್ಯಾನಿನಲ್ಲಿ ತಿರುಗುವ ಭಾಗಕ್ಕೆ ಶಾಶ್ವತ ಅಯಸ್ಕಾಂತಗಳಿರುವುದರಿಂದ ಆ ನಷ್ಟವಿಲ್ಲ. ಅಷ್ಟೇ ಗಾಳಿಗೆ 30 ವ್ಯಾಟ್ ಆಸುಪಾಸು ಸಾಕು. ದಿನಕ್ಕೆ 16 ತಾಸು ತಿರುಗಿದರೆ ತಿಂಗಳಿಗೆ ಹಳೆಯದಕ್ಕೆ 36 ಯುನಿಟ್, ಹೊಸದಕ್ಕೆ 14ಕ್ಕೆ ಸ್ವಲ್ಪ ಮೇಲೆ. ಮೂರು ಫ್ಯಾನಿರುವ ಮನೆಯಲ್ಲಿ ಉಳಿಯುವುದು ಸುಮಾರು 65 ಯುನಿಟ್. ಕೂಲರಿನ ಲೆಕ್ಕ ಬೇರೆ. ಸುಣ್ಣದ ಕಲ್ಲಿನ ಈ ನೆಲದ ಗಡಸು ನೀರಿನಿಂದ ಪ್ಯಾಡಿಗೆ ಬಿಳಿ ಉಪ್ಪು ಕಟ್ಟಿದರೆ ಎಂಥ ಮೋಟಾರಿದ್ದರೂ ಗಾಳಿ ಬರುವುದಿಲ್ಲ. ಅಲ್ಲಿ ಮೊದಲು ಬದಲಿಸಬೇಕಾದ್ದು ಪ್ಯಾಡು.

2023ರಿಂದ ಗೃಹಜ್ಯೋತಿ ಯೋಜನೆಯಡಿ ಕರೆಂಟು ಪುಕ್ಕಟೆ ಸಿಗುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಆದರೆ ಪುಕ್ಕಟೆ ಸಿಗುವುದು ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸಿದಷ್ಟು ಮಾತ್ರ. ಬಳಕೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ದಾಟುವ ಭಯ ಇರುವುದು ಫ್ಯಾನು, ಕೂಲರು ಬಿಡುವಿಲ್ಲದೆ ನಡೆಯುವ ಬೇಸಿಗೆಯಲ್ಲೇ. ಕರೆಂಟು ಹೋದಾಗ ಇನ್ವರ್ಟರಿನ ಅದೇ ಬ್ಯಾಟರಿ ಹೊಸ ಫ್ಯಾನನ್ನು ಎರಡು ಪಟ್ಟಿಗೂ ಹೆಚ್ಚು ಹೊತ್ತು ತಿರುಗಿಸುತ್ತದೆ. ಕೂಸು, ಮುದುಕರಿರುವ ಮನೆಗೆ ಇದು ದುಡ್ಡಿಗಿಂತ ದೊಡ್ಡ ಲಾಭ.

ರಿಪೇರಿಯ ತಕರಾರು ಮಾತ್ರ ಗಟ್ಟಿಯಾದದ್ದು. ಹಳೆ ಫ್ಯಾನು ಸುಟ್ಟರೆ ಊರಿನ ವೈಂಡಿಂಗ್ ಅಂಗಡಿಯಲ್ಲೇ ಸರಿಯಾಗುತ್ತದೆ. ಬಿಎಲ್‌ಡಿಸಿಯ ಎಲೆಕ್ಟ್ರಾನಿಕ್ ಬೋರ್ಡು ಕೆಟ್ಟರೆ ಹೊಸ ಬೋರ್ಡಿಗೆ ಕಾಯಬೇಕು. ಫ್ಯಾನಿನ ಬೆಲೆಯೂ ಹೆಚ್ಚು. ಅದಕ್ಕೆಂದೇ ಎಲ್ಲವನ್ನೂ ಒಮ್ಮೆಲೇ ಬದಲಿಸುವುದು ಜಾಣತನವಲ್ಲ. ವಾರಂಟಿಯ ವರ್ಷ, ಬೋರ್ಡು ಸಿಗುವ ಊರು ಎರಡನ್ನೂ ಕೇಳಿ, ಅತಿ ಹೆಚ್ಚು ಹೊತ್ತು ತಿರುಗುವ ಒಂದನ್ನು ಮೊದಲು ಬದಲಿಸಬೇಕು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲೇ ಹೋಲಿಸಬಹುದು. ಉಳಿದ ಹಳೆ ಫ್ಯಾನು ನಿಧಾನವಾಗಿದ್ದರೆ ವೈಂಡಿಂಗಿಗೆ ಒಯ್ಯುವ ಮುಂಚೆ ಕೆಪಾಸಿಟರ್ ಬದಲಿಸಿ ನೋಡಬೇಕು. ಎಷ್ಟೋ ಸಲ ಕೆಟ್ಟಿರುವುದು ಅದೊಂದೇ.