ಡಿಸ್ಕ್ ಇಲ್ಲದ ಕಂಪ್ಯೂಟರ್ ಯಾಕೆ ಎದ್ದೇಳ್ತಿಲ್ಲ?

ಮಕ್ಕಳೇ, ಹಾಲಿಹಿಲ್ ಅಂದ ಕೂಡಲೇ ನೆನಪಾಗುವುದು ಆ್ಯಪಲ್. ಕಾರ್ಕ್ ನಗರದ ಉತ್ತರಕ್ಕಿರುವ ಈ ಗುಡ್ಡದ ಮೇಲೆ ಆ ಕಂಪನಿ 1980ರಲ್ಲಿ ಕಾರ್ಖಾನೆ ತೆರೆಯಿತು. ಉಬ್ಬಿದ ಬೆನ್ನಿನ, ಬಣ್ಣಬಣ್ಣದ ಐಮ್ಯಾಕ್‌ಗಳನ್ನು ಇಲ್ಲೂ ಜೋಡಿಸುತ್ತಿದ್ದರು. ಆ ಐಮ್ಯಾಕ್ ಆನ್ ಮಾಡುವಾಗ ಕೀಬೋರ್ಡಿನ 'ಎನ್' ಕೀಲಿ ಒತ್ತಿ ಹಿಡಿದರೆ, ಅದು ತನ್ನ ಹಾರ್ಡ್ ಡಿಸ್ಕನ್ನು ಬಿಟ್ಟು ನೆಟ್‌ವರ್ಕ್ ತಂತಿಯ ಇನ್ನೊಂದು ತುದಿಯ ಸರ್ವರ್‌ನಿಂದ ಎಲ್ಲವನ್ನೂ ತರಿಸಿಕೊಂಡು ಏಳುತ್ತಿತ್ತು. 1999ರಲ್ಲಿ ಬಂದ ಈ ಸೌಲಭ್ಯದ ಹೆಸರು ನೆಟ್‌ಬೂಟ್.

ನಿಮ್ಮ ಅಪ್ಪ ಅಮ್ಮಂದಿರಲ್ಲಿ ಕೆಲವರಿಗೆ ಇದೇನೂ ಹೊಸದಲ್ಲ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಡಿಸ್ಕೇ ಇಲ್ಲದ ಕಂಪ್ಯೂಟರ್‌ಗಳು ಸಾಲಾಗಿ ಇರುತ್ತಿದ್ದವು. ಅವಕ್ಕೆ 'ನೋಡ್' ಅಂತ ಹೆಸರು. ಆಗ ಹಾರ್ಡ್ ಡಿಸ್ಕ್ ದುಬಾರಿ, ಹಾಗಾಗಿ ಮೂಲೆಯಲ್ಲಿ ನೋವೆಲ್ ನೆಟ್‌ವೇರ್ ಸರ್ವರ್ ಒಂದೇ ಎಲ್ಲರಿಗೂ ಅನ್ನದಾತ. ಪರೀಕ್ಷೆಯ ದಿನ ನೋಡ್ ಏಳದಿದ್ದರೆ ಗತಿ ಏನು? ಮನೆಯಲ್ಲಿ ಕೇಳಿ ನೋಡಿ, ಕಥೆ ಸಿಗಬಹುದು.

ಇಂಥ ಹಳೆಯ ಯಂತ್ರ ಏಳದಿದ್ದಾಗ 'ಕೆಟ್ಟುಹೋಯ್ತು' ಅಂತ ಎಸೆಯುವವರೇ ಹೆಚ್ಚು. ಪಾಪ, ಅದು ಎಲ್ಲಿ ಸಿಕ್ಕಿಕೊಂಡಿದೆ ಅಂತ ತಾನೇ ಹೇಳುತ್ತಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಮಾತ್ರ ಎಷ್ಟೋ ಸಲ ನಿಜವಾಗಿಯೂ ನೆಲವೇ ಡೊಂಕು!

ಡಿಸ್ಕ್ ಇಲ್ಲದ ಕಂಪ್ಯೂಟರ್ ಎದ್ದಾಗ ಅದಕ್ಕೆ ಹೆಚ್ಚೇನೂ ಗೊತ್ತಿರುವುದಿಲ್ಲ. ನೆಟ್‌ವರ್ಕ್ ಕಾರ್ಡಿನ ಪುಟ್ಟ ಚಿಪ್ಪಿನಲ್ಲಿ ಒಂದಿಷ್ಟು ಸೂಚನೆ, ಜೊತೆಗೆ ಕಾರ್ಖಾನೆಯಲ್ಲೇ ಬರೆದ 48 ಬಿಟ್‌ನ ಒಂದು ಗುರುತಿನ ಸಂಖ್ಯೆ, ಅಷ್ಟೇ. ಹೊಸ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವನಂತೆ ಅದು ಜೋರಾಗಿ ಕೂಗುತ್ತದೆ: "ನನ್ನ ನಂಬರ್ ಇದು, ನನಗೊಂದು ವಿಳಾಸ ಕೊಡಿ, ಯಾವ ಫೈಲ್ ಓದಬೇಕು ಹೇಳಿ." ಡಿಎಚ್‌ಸಿಪಿ ಎಂಬ ಸೇವೆ ಇದಕ್ಕೆ ಉತ್ತರ ಕೊಡುತ್ತದೆ. ಆಮೇಲೆ ಟಿಎಫ್‌ಟಿಪಿ ಎಂಬ ಸೇವೆ ಆ ಫೈಲನ್ನು ಕಳಿಸುತ್ತದೆ. ಅದು ಕಳಿಸುವ ರೀತಿ ಅಜ್ಜಿ ಕೈತುತ್ತು ಕೊಟ್ಟ ಹಾಗೆ. ಸಾಮಾನ್ಯವಾಗಿ 512 ಬೈಟ್‌ನ ಒಂದು ತುತ್ತು. "ನುಂಗಿದೆ" ಅಂತ ಉತ್ತರ ಬಂದ ಮೇಲೇ ಮುಂದಿನದು.

ಈಗ ತೆರೆಯ ಮೇಲೆ ಬರುವ ಸಂಕೇತ ನೋಡೋಣ. ಹಳೆಯ ಪಿಸಿಯಲ್ಲಿ ಇದು ಕೆಲವೇ ಸೆಕೆಂಡು ಕಾಣಿಸಿ ಮಾಯವಾಗಬಹುದು, ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ.

'ಪಿಎಕ್ಸ್‌ಇ-ಇ61' ಅಂದರೆ ತಂತಿಯಲ್ಲೇ ಜೀವ ಇಲ್ಲ. ಕೇಬಲ್ ಸಡಿಲವಾಗಿರಬಹುದು, ಅದರ ಪ್ಲಾಸ್ಟಿಕ್ ಕೊಕ್ಕೆ ಮುರಿದಿರಬಹುದು, ಸ್ವಿಚ್ಚಿಗೆ ಕರೆಂಟೇ ಇಲ್ಲದಿರಬಹುದು. ಪಕ್ಕದ ಯಂತ್ರದ ಕೇಬಲ್ ಚುಚ್ಚಿ ನೋಡಿ. ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ.

'ಇ51' ಅಂದರೆ ಕೂಗಿದೆ, ಯಾರೂ ಓಗೊಡಲಿಲ್ಲ ಅಂತ. ಡಿಎಚ್‌ಸಿಪಿ ಸೇವೆ ನಿಂತಿದೆಯೇ ಅಂತ ಮೊದಲು ನೋಡಬೇಕು. ಅದು ಸರಿಯಿದ್ದರೆ ಅನುಮಾನ ಸ್ವಿಚ್ಚಿನ ಮೇಲೆ. ಕಚೇರಿಗಳಲ್ಲಿ ಬಳಸುವ ದೊಡ್ಡ ಸ್ವಿಚ್ಚುಗಳು ಹೊಸದಾಗಿ ಎದ್ದ ತಂತಿಯನ್ನು ಸುಮಾರು 30 ಸೆಕೆಂಡು ಪರೀಕ್ಷಿಸಿ ಆಮೇಲೆ ದಾರಿ ಬಿಡುತ್ತವೆ. ಅಷ್ಟರಲ್ಲಿ ಹಳೆಯ ಯಂತ್ರ ಬೇಸತ್ತು ಕೈಬಿಡಬಹುದು. ಇಲ್ಲಿ ಸ್ವಿಚ್ಚಿನ ಸೆಟ್ಟಿಂಗ್ ಬದಲಿಸಬೇಕು, ಕಂಪ್ಯೂಟರ್ ಬದಲಿಸಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ತಮಾಷೆ ಅನ್ನಿಸುವುದು 'ಇ53'. ವಿಳಾಸ ಸಿಕ್ಕಿತು, ಫೈಲಿನ ಹೆಸರು ಸಿಗಲಿಲ್ಲ. ಯಾರೋ ಮನೆಯ ಬ್ರಾಡ್‌ಬ್ಯಾಂಡ್ ರೂಟರ್ ತಂದು ಅದೇ ನೆಟ್‌ವರ್ಕಿಗೆ ಚುಚ್ಚಿದರೆ ಹೀಗಾಗುತ್ತದೆ. ರೂಟರ್‌ನೊಳಗೂ ಡಿಎಚ್‌ಸಿಪಿ ಇರುತ್ತದಲ್ಲ, ಸರ್ವರ್ ಬಾಯಿ ತೆರೆಯುವ ಮೊದಲೇ ಅದು ಉತ್ತರಿಸಿಬಿಡುತ್ತದೆ. ಕೇಳದೆ ದಾರಿ ತೋರಿಸುವ ಮಾವನ ಹಾಗೆ ಅರ್ಧ ದಾರಿ ಮಾತ್ರ ಹೇಳುತ್ತದೆ! ಕೆಲವು ಯಂತ್ರ ಏಳುತ್ತವೆ, ಕೆಲವು ಏಳಲ್ಲ. ಇವತ್ತು ಎದ್ದದ್ದು ನಾಳೆ ಏಳಲ್ಲ. ರೂಟರ್ ಕಿತ್ತು ನೋಡಿ.

'ಇ32' ಬಂದರೆ ಫೈಲ್ ಕಳಿಸುವ ಸೇವೆ ಮಲಗಿದೆ, ಇಲ್ಲವೇ ಫೈರ್‌ವಾಲ್ ಅದರ 69ನೇ ಬಾಗಿಲು ಮುಚ್ಚಿದೆ.

ಐಮ್ಯಾಕ್‌ನಲ್ಲಿ ಈ ಸಂಖ್ಯೆಗಳಿಲ್ಲ, ಚಿತ್ರಗಳಿವೆ. ಮಿನುಗುವ ಭೂಗೋಳ ಕಂಡರೆ ಅದು ಸರ್ವರನ್ನು ಹುಡುಕುತ್ತಿದೆ. ಪ್ರಶ್ನಾರ್ಥಕ ಚಿಹ್ನೆ ಇರುವ ಫೋಲ್ಡರ್ ಮಿನುಗಿದರೆ ಏಳಲು ಬೇಕಾದದ್ದು ಎಲ್ಲೂ ಸಿಕ್ಕಿಲ್ಲ. ಒಂದು ಮಾತು: ಆ ಹಳೆಯ ಐಮ್ಯಾಕ್‌ನ ಬೆನ್ನು ಬಿಚ್ಚಬೇಡಿ. ಒಳಗಿರುವ ಪಿಕ್ಚರ್ ಟ್ಯೂಬಿನಲ್ಲಿ ಪ್ಲಗ್ ತೆಗೆದ ಮೇಲೂ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ನೋಡ್‌ಗಳ ಕಾಲದ ಎರಡು ವಿಷಯ ಹೇಳದಿದ್ದರೆ ಹಿರಿಯರು ಒಪ್ಪಲಿಕ್ಕಿಲ್ಲ. ಆಗ ಹಲವು ಲ್ಯಾಬುಗಳಲ್ಲಿ ಟಿವಿ ಕೇಬಲ್ಲಿನಂಥ ಒಂದೇ ತಂತಿ ಯಂತ್ರದಿಂದ ಯಂತ್ರಕ್ಕೆ ಹೋಗುತ್ತಿತ್ತು. ಉದ್ದ ಹೆಚ್ಚೆಂದರೆ 185 ಮೀಟರ್, ಒಂದು ತಂತಿಗೆ 30 ಯಂತ್ರ. ಎರಡೂ ತುದಿಗೆ 50 ಓಮ್‌ನ ಪುಟ್ಟ ಟೋಪಿ, ಅದೇ ಟರ್ಮಿನೇಟರ್. ಟೋಪಿ ಬಿದ್ದರೆ ಸಂಕೇತವು ಬಾವಿಯಲ್ಲಿ ಕೂಗಿದ ದನಿಯಂತೆ ತುದಿಗೆ ಬಡಿದು ವಾಪಸ್ ಬರುತ್ತಿತ್ತು, ಸಾಲಿಗೆ ಸಾಲೇ ಸ್ತಬ್ಧ. ಒಬ್ಬನ ಕಾಲು ತಂತಿಗೆ ತಾಗಿದರೆ ಎಲ್ಲರ ಪ್ರೋಗ್ರಾಮೂ ಹೋಯಿತು.

ಎರಡನೆಯದು ಕರೆಂಟ್. ಅದು ಹೋಗಿ ಬಂದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಆನ್ ಆಗುತ್ತವೆ. ಸರ್ವರ್ ತನ್ನ ಡಿಸ್ಕನ್ನು ಪರಿಶೀಲಿಸಿ ಸಿದ್ಧವಾಗಲು ಹೊತ್ತು ಹಿಡಿಯುತ್ತದೆ. ನೋಡ್‌ಗಳು ಕೂಗಿ ಕೂಗಿ ಸುಮ್ಮನಾಗುತ್ತವೆ. ಮೊದಲು ಸ್ವಿಚ್, ಆಮೇಲೆ ಸರ್ವರ್, ಅದು ಪೂರ್ತಿ ಎದ್ದ ಮೇಲೆ ನೋಡ್‌ಗಳನ್ನು ಆನ್ ಮಾಡಿ.

ಯಂತ್ರ ನೆಟ್‌ವರ್ಕನ್ನು ಕೇಳುತ್ತಲೇ ಇಲ್ಲ, ಗಡಿಯಾರವೂ ಹಳೆಯ ಇಸವಿ ತೋರಿಸುತ್ತಿದೆ ಅಂದರೆ ಒಳಗಿನ ಬ್ಯಾಟರಿ ತೀರಿದೆ. 'ಮೊದಲು ನೆಟ್‌ವರ್ಕಿನಿಂದ ಏಳು' ಎಂಬ ಸೆಟ್ಟಿಂಗ್ ಕೂಡ ಅದರೊಂದಿಗೆ ಮರೆತುಹೋಗಿರುತ್ತದೆ. ಬಹಳಷ್ಟು ಪಿಸಿಗಳಲ್ಲಿ ಅದು ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ. ದೊಡ್ಡವರ ಜೊತೆ ಕೂತು, ಪ್ಲಗ್ ತೆಗೆದು ಬದಲಿಸಿ, ಆ ಸೆಟ್ಟಿಂಗನ್ನು ಮತ್ತೆ ಹಾಕಿ. ತೆಗೆದ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ. ಪುಟ್ಟ ತಮ್ಮ ತಂಗಿ ನುಂಗಿದರೆ ಪ್ರಾಣಕ್ಕೇ ಅಪಾಯ. ಅಂಗಡಿಗಳಲ್ಲಿ ಹಳೆಯ ಬ್ಯಾಟರಿಗೆಂದೇ ಇಟ್ಟ ಡಬ್ಬಿಗೆ ಅವತ್ತೇ ಹಾಕಿಬಿಡಿ.