ಅಂದಾಜು ಪಟ್ಟಿ ಕಂಪ್ಯೂಟರಿಗೆ ಬಂದ ಬಗೆ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎರೆಭೂಮಿಯಲ್ಲಿ ರೈಲು, ಸೇತುವೆ, ಕಾಲುವೆ, ವಿದ್ಯುತ್ ಸ್ಥಾವರ ಎಲ್ಲವೂ ಮೊದಲು ಕಾಗದದ ಮೇಲಿನ ಲೆಕ್ಕವಾಗಿಯೇ ಹುಟ್ಟಿದವು. ಆ ಲೆಕ್ಕ ಹಾಕುವ ಸಾಧನ ಕಾಲಕಾಲಕ್ಕೆ ಬದಲಾಗಿದೆ. ಈಗ ಅಂದಾಜು ಕಟ್ಟುವ ಸಾಫ್ಟ್‌ವೇರ್ ಕೊಳ್ಳುವವರು ಏನು ನೋಡಿ ಕೊಳ್ಳಬೇಕು?

ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲ ಹಂತಕ್ಕೆ ಯೋಜನಾ ಆಯೋಗ 1963ರಲ್ಲಿ ಒಪ್ಪಿಗೆ ಕೊಟ್ಟಾಗ ಅಂದಾಜು ವೆಚ್ಚ 58.20 ಕೋಟಿ ರೂಪಾಯಿ. ಮರುವರ್ಷ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅದೇ ಯೋಜನೆಯ ಮೂರನೇ ಹಂತಕ್ಕೆ 2011–12ರ ದರದಲ್ಲಿ ಹಾಕಿದ ಲೆಕ್ಕ 17,207 ಕೋಟಿ. ಅದನ್ನು 2014–15ರ ದರಕ್ಕೆ ಪರಿಷ್ಕರಿಸಿ ಸರ್ಕಾರ 2017ರಲ್ಲಿ ಒಪ್ಪಿದ್ದು 51,148 ಕೋಟಿ. ದರದ ವರ್ಷ ಮೂರು ಸರಿಯಿತು, ಮೊತ್ತ ಮೂರು ಪಟ್ಟಾಯಿತು.

ಈ ಮೂರು ವರ್ಷಗಳಲ್ಲಿ ಸಿಮೆಂಟೂ ಕಬ್ಬಿಣವೂ ಮೂರು ಪಟ್ಟು ತುಟ್ಟಿಯಾಗಿರಲಿಲ್ಲ. 2014ರ ಜನವರಿ 1ರಂದು ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂದು ಭೂಮಿಯ ಪರಿಹಾರ ಮತ್ತು ಪುನರ್ವಸತಿಯ ಲೆಕ್ಕವೇ ಬದಲಾಯಿತು. ಎಷ್ಟು ಘನ ಮೀಟರ್ ಅಗೆತ, ಎಷ್ಟು ಟನ್ ಸರಳು ಎಂದು ಕರಾರುವಾಕ್ಕಾಗಿ ಕೂಡಿಸಿದ್ದ ಪಟ್ಟಿಯನ್ನು ಪಟ್ಟಿಯ ಹೊರಗಿನ ಸಂಗತಿಯೊಂದು ತಲೆಕೆಳಗು ಮಾಡಿತು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಾಣುವ ದೇವದುರ್ಗದವರಿಗೆ ಈ ಅಂಕಿಗಳು ಬೆಂಗಳೂರಿನ ಕಡತದ ಸುದ್ದಿಯಲ್ಲ. ಅಂದಾಜು ತಪ್ಪಿದರೆ ಹಣ ನಿಲ್ಲುತ್ತದೆ, ಹಣ ನಿಂತರೆ ಕಾಲುವೆಯೂ ನಿಲ್ಲುತ್ತದೆ.

ಮೊದಲು ಬಂದದ್ದು ರೈಲಿನ ಲೆಕ್ಕ

ರಾಯಚೂರಿಗೆ ದೊಡ್ಡ ಕಾಮಗಾರಿಯ ಲೆಕ್ಕ ಬಂದದ್ದು ರೈಲಿನ ಜೊತೆ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ಕೂಡಿದ್ದು ಇಲ್ಲಿಯೇ. ಆ ಕಂಪನಿಗಳು ಹೂಡಿದ ಬಂಡವಾಳಕ್ಕೆ ಸರ್ಕಾರ ಶೇ 5ರ ಲಾಭದ ಖಾತರಿ ಕೊಟ್ಟಿತ್ತು. ಹೆಚ್ಚು ಖರ್ಚಾದರೂ ಲಾಭ ಖಾತರಿ ಎಂದಾಗ ಖರ್ಚು ಹಿಡಿಯುವ ಉಮೇದು ಯಾರಿಗಿರುತ್ತದೆ? ಈ ಪದ್ಧತಿ ದುಂದಿಗೆ ದಾರಿ ಮಾಡಿತೆಂದು ಆ ಕಾಲದಲ್ಲೇ ಟೀಕೆ ಎದ್ದಿತ್ತು. ಅಂದಾಜು ಸರಿಯಾಗಲು ಗಣಿತ ಮಾತ್ರ ಸಾಲದು, ಅದು ತಪ್ಪಿದರೆ ನಷ್ಟ ಯಾರಿಗೆ ಎಂಬುದೂ ಮುಖ್ಯ ಎನ್ನುವ ಮೊದಲ ಪಾಠ ಅದು.

ಬ್ರಿಟಿಷರ ಲೋಕೋಪಯೋಗಿ ಇಲಾಖೆ ಹುಟ್ಟಿದ್ದು 1854ರಲ್ಲಿ, ಡಾಲ್‌ಹೌಸಿಯ ಕಾಲದಲ್ಲಿ. ಅದು ಬೆಳೆಸಿದ ಎರಡು ಪುಸ್ತಕಗಳ ಮೇಲೆ ನಮ್ಮ ಕಾಮಗಾರಿ ಲೋಕ ಇಂದಿಗೂ ನಿಂತಿದೆ. ಒಂದು ದರಪಟ್ಟಿ, ಅಂದರೆ ಎಲ್ಲರ ಬಾಯಲ್ಲಿರುವ ‘ಎಸ್‌ಆರ್’. ಇನ್ನೊಂದು ಅಳತೆ ಪುಸ್ತಕ, ‘ಎಂ.ಬಿ.’ ಎಸ್‌ಆರ್ ನೋಡಿ ಅಂದಾಜು ಕಟ್ಟುತ್ತಾರೆ, ಎಂ.ಬಿ. ನೋಡಿ ಬಿಲ್ಲು ಕೊಡುತ್ತಾರೆ. ಎಸ್‌ಆರ್‌ನಲ್ಲಿ ಇಲ್ಲದ ಬಾಬ್ತಿಗೆ ಸಾಮಾನು, ಕೂಲಿ, ಯಂತ್ರದ ಬಾಡಿಗೆ ಬಿಡಿಬಿಡಿಯಾಗಿ ಬರೆದು ‘ಡೇಟಾ ರೇಟು’ ಕಟ್ಟುತ್ತಾರೆ. ಸಾಮಾನು ತರುವ ದೂರಕ್ಕೆ ‘ಲೀಡ್’ ಸೇರಿಸುತ್ತಾರೆ.

ಎಂ.ಬಿ.ಗೆ ಒಂದು ಶಿಸ್ತಿದೆ. ಪುಟಗಳಿಗೆ ಮೊದಲೇ ಅಂಕಿ ಬಿದ್ದಿರುತ್ತದೆ. ಶಾಯಿಯಲ್ಲೇ ಬರೆಯಬೇಕು, ಅಳಿಸಬಾರದು. ತಪ್ಪಾದರೆ ಹಳೆಯ ಅಂಕಿ ಕಾಣುವಂತೆ ಅಡ್ಡಗೆರೆ ಎಳೆದು, ಸರಿಯಾದದ್ದು ಬರೆದು, ಸಹಿ ಹಾಕಬೇಕು. ಕಿರಿಯ ಎಂಜಿನಿಯರ್ ಅಳೆದದ್ದನ್ನು ಮೇಲಿನವರು ಮತ್ತೆ ಅಳೆದು ಪರಿಶೀಲಿಸಬೇಕು. ಯಾವ ಅಂಕಿಯನ್ನು ಯಾರು ಬರೆದರು, ಯಾರು ತಿದ್ದಿದರು ಎಂಬುದು ಪುಸ್ತಕದಲ್ಲೇ ಉಳಿಯುತ್ತದೆ. ಸಾಫ್ಟ್‌ವೇರ್ ಆಯ್ಕೆಯ ಮಾತು ಬಂದಾಗ ಈ ಶಿಸ್ತಿಗೆ ಮತ್ತೆ ಬರಬೇಕಾಗುತ್ತದೆ.

ನಿಜಾಮರ ಸರ್ಕಾರ ದೇವಸೂಗೂರಿನ ಬಳಿ ಕೃಷ್ಣೆಗೆ ಕಟ್ಟಿ 1943ರಲ್ಲಿ ಮುಗಿಸಿದ ಕಲ್ಲಿನ ಕಮಾನುಗಳ ಸೇತುವೆ ಇಂಥ ಪುಸ್ತಕಗಳ ಕಾಲದ್ದು. ತುಂಗಭದ್ರಾ ಅಣೆಕಟ್ಟೂ ಅಷ್ಟೇ. 1945ರ ಫೆಬ್ರುವರಿ 28ರಂದು ಎಡದಂಡೆಯಲ್ಲಿ ಹೈದರಾಬಾದ್ ಸಂಸ್ಥಾನ, ಬಲದಂಡೆಯಲ್ಲಿ ಮದರಾಸು ಸರ್ಕಾರ ಬೇರೆಬೇರೆಯಾಗಿ ಅಡಿಗಲ್ಲು ಹಾಕಿಸಿದವು. ಒಂದೇ ಕಟ್ಟೆಗೆ ಎರಡು ಸರ್ಕಾರಗಳ ಎಂಜಿನಿಯರುಗಳು ದುಡಿದರು. ಗಾರೆಗೆ ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಬಳಸಿದರು. ಇಂದು ಮಾನ್ವಿಯ ಭತ್ತದ ಗದ್ದೆಗೆ ಹರಿಯುವುದು ಅದರ ಎಡದಂಡೆ ಕಾಲುವೆಯ ನೀರು.

ಶಕ್ತಿನಗರದ ಇಪ್ಪತ್ತೈದು ವರ್ಷ

ರಾಜ್ಯದ ಮೊದಲ ಕಲ್ಲಿದ್ದಲು ವಿದ್ಯುತ್ ಸ್ಥಾವರ ಎದ್ದದ್ದು ರಾಯಚೂರಿನ ಬಳಿಯ ಶಕ್ತಿನಗರದಲ್ಲಿ. ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿ) ಈ ರಾಯಚೂರು ಶಾಖೋತ್ಪನ್ನ ಸ್ಥಾವರದ (ಆರ್‌ಟಿಪಿಎಸ್) ಮೊದಲ 210 ಮೆಗಾವ್ಯಾಟ್ ಘಟಕ 1985ರಲ್ಲಿ ಚಾಲೂ ಆಯಿತು. ಅದೂ ಸೇರಿ ಅಂಥ ಏಳು ಘಟಕ ಬಂದವು. 2010ರಲ್ಲಿ 250 ಮೆಗಾವ್ಯಾಟ್‌ನ ಎಂಟನೆಯದು ಸೇರಿ ಒಟ್ಟು 1,720 ಮೆಗಾವ್ಯಾಟ್ ಆಯಿತು.

ಕಾಕತಾಳೀಯವೆಂಬಂತೆ ಮೈಕ್ರೊಸಾಫ್ಟ್‌ನ ಎಕ್ಸೆಲ್ ಹೊರಬಂದದ್ದೂ 1985ರಲ್ಲೇ. ಅದಕ್ಕೂ ಮೊದಲು 1979ರಲ್ಲಿ ವಿಸಿಕ್ಯಾಲ್ಕ್, 1983ರಲ್ಲಿ ಲೋಟಸ್ 1-2-3 ಬಂದಿದ್ದವು. ಆರ್‌ಟಿಪಿಎಸ್ ಕಟ್ಟಿದ ಕಾಲು ಶತಮಾನದಲ್ಲಿ ಎಂಜಿನಿಯರುಗಳ ಮೇಜು ಕ್ಯಾಲ್ಕುಲೇಟರಿನಿಂದ ಎಕ್ಸೆಲ್‌ಗೆ ಬದಲಾಯಿತು. ಸಿಮೆಂಟಿನ ದರ ಒಂದು ಕಡೆ ಬದಲಿಸಿದರೆ ಸಾವಿರ ಸಾಲುಗಳ ಮೊತ್ತ ತಾನೇ ಬದಲಾಗುವ ಸುಖ ಕಂಡವರು ಮತ್ತೆ ಕಾಗದಕ್ಕೆ ಮರಳಲಿಲ್ಲ.

ಆದರೆ ಎಂ.ಬಿ.ಯ ಶಿಸ್ತು ಎಕ್ಸೆಲ್‌ನಲ್ಲಿ ಸಡಿಲವಾಯಿತು. ಒಂದು ಚೌಕದ ಅಂಕಿ ಅಳಿಸಿ ಇನ್ನೊಂದು ಬರೆದರೆ ಹಳೆಯದು ಸಾಮಾನ್ಯವಾಗಿ ಕಾಣುವುದಿಲ್ಲ, ಸಹಿ ಇರುವುದಿಲ್ಲ. ಒಂದೇ ಅಂದಾಜಿಗೆ ‘ಫೈನಲ್’, ‘ಫೈನಲ್ 2’, ‘ಕರೆಕ್ಟೆಡ್ ಫೈನಲ್’ ಎಂಬ ಹೆಸರಿನ ಫೈಲುಗಳು ಹುಟ್ಟಿದವು. ಸೂತ್ರದೊಳಗೆ ಒಂದು ಸಾಲು ಬಿಟ್ಟುಹೋದರೆ ಕೋಟಿಗಟ್ಟಲೆ ಮೊತ್ತ ಸದ್ದಿಲ್ಲದೆ ಕಾಣೆಯಾಗುವುದೂ ಸಾಧ್ಯವಾಯಿತು.

ಕೈಗಾರಿಕೆಗೆ ಬೇರೆಯೇ ಗಣಿತ

ರಸ್ತೆ, ಕಟ್ಟಡಗಳ ಲೆಕ್ಕ ಅಳತೆಯಿಂದ ಶುರುವಾಗುತ್ತದೆ. ಕಾರ್ಖಾನೆ, ಸ್ಥಾವರಗಳಿಗೆ ಅದು ಸಾಲದು, ಏಕೆಂದರೆ ನಕ್ಷೆ ತಯಾರಾಗುವ ಮೊದಲೇ ಹಣ ಹೊಂದಿಸಬೇಕು. ಅಮೆರಿಕದಲ್ಲಿ 1947ರಲ್ಲಿ ರೋಜರ್ ವಿಲಿಯಮ್ಸ್ ಎಂಬವರು ರಾಸಾಯನಿಕ ಸ್ಥಾವರಗಳ ಬಗ್ಗೆ ಒಂದು ಸೂತ್ರ ಮುಂದಿಟ್ಟರು: ಸಾಮರ್ಥ್ಯ ಎಷ್ಟು ಪಟ್ಟು ಹೆಚ್ಚಿತೋ ಅದರ 0.6 ಘಾತದಷ್ಟು ವೆಚ್ಚ ಹೆಚ್ಚುತ್ತದೆ. ಆನಂತರ 1969ರಲ್ಲಿ ಹುಟ್ಟಿದ ಇಕಾರಸ್ ಎಂಬ ಕಂಪನಿ ಇಂಥ ಲೆಕ್ಕವನ್ನು ಕಂಪ್ಯೂಟರಿಗೆ ತಂದಿತು. ಯಂತ್ರಗಳ ಪಟ್ಟಿ ಕೊಟ್ಟರೆ ಅದರ ಸಾಫ್ಟ್‌ವೇರ್ ಅವುಗಳ ಬುನಾದಿ, ಕೊಳವೆ, ಕಬ್ಬಿಣದ ಚೌಕಟ್ಟು, ವೈರಿಂಗ್ ಎಲ್ಲಕ್ಕೂ ಪ್ರಮಾಣ ಕಟ್ಟಿ ಕೊಡುತ್ತದೆ. ಈಗ ಅದು ಆಸ್ಪೆನ್‌ಟೆಕ್ ಕಂಪನಿಯ ಸ್ವತ್ತು. ಕಟ್ಟಡ ಗುತ್ತಿಗೆದಾರರಿಗೆಂದು ಬೆಳೆದ ಅಮೆರಿಕದ ಟಿಂಬರ್‌ಲೈನ್, ದಕ್ಷಿಣ ಆಫ್ರಿಕದ ಕ್ಯಾಂಡಿ, ಆಸ್ಟ್ರೇಲಿಯದ ಕಾಸ್ಟ್‌ಎಕ್ಸ್ ಬೇರೆ ಜಾಡಿನವು. ನಕ್ಷೆ ಅಥವಾ ಬಾಬ್ತುಪಟ್ಟಿಯಿಂದ ಹೊರಟು ದರ ಕಟ್ಟುವುದು ಅವುಗಳ ರೀತಿ.

ವಿಲಿಯಮ್ಸ್ ಸೂತ್ರವನ್ನು ರಾಯಚೂರಿನ ಬಳಿಯ ಯರಮರಸಿನ ವಿದ್ಯುತ್ ಸ್ಥಾವರಕ್ಕೆ ಹಚ್ಚಿ ನೋಡೋಣ. ಅಲ್ಲಿ ಕೆಪಿಸಿ ಮತ್ತು ಬಿಎಚ್‌ಇಎಲ್ ಕೂಡಿ 2009ರಲ್ಲಿ ಸ್ಥಾಪಿಸಿದ ರಾಯಚೂರು ಪವರ್ ಕಾರ್ಪೊರೇಷನ್ ತಲಾ 800 ಮೆಗಾವ್ಯಾಟ್‌ನ ಎರಡು ಘಟಕ ಕಟ್ಟಿತು. ಶಕ್ತಿನಗರದ 210ರಿಂದ ಇಲ್ಲಿನ 800 ಎಂದರೆ ಸಾಮರ್ಥ್ಯ 3.8 ಪಟ್ಟು. ಸೂತ್ರದ ಪ್ರಕಾರ ಘಟಕದ ವೆಚ್ಚ ಸುಮಾರು 2.2 ಪಟ್ಟಾಗಬೇಕು. ಆದರೆ ಯರಮರಸಿನದು ಸೂಪರ್‌ಕ್ರಿಟಿಕಲ್ ತಂತ್ರಜ್ಞಾನ. ಉಗಿಯ ಒತ್ತಡ 221 ಬಾರ್ ದಾಟುತ್ತದೆ. ಬಾಯ್ಲರಿನ ರಚನೆ, ಕೊಳವೆಯ ಉಕ್ಕು, ಬೆಸುಗೆ ಎಲ್ಲವೂ ಬೇರೆ. ಹತ್ತೇ ಕಿಲೋಮೀಟರಿನ ಆಸುಪಾಸಿನಲ್ಲಿ ಎಂಟು ಘಟಕಗಳ ಲೆಕ್ಕಪತ್ರ ಇದ್ದರೂ ಬಾಯ್ಲರು, ಟರ್ಬೈನಿನ ಮಟ್ಟಿಗೆ ಅದನ್ನು ಹಿಗ್ಗಿಸಿ ಬಳಸುವಂತಿರಲಿಲ್ಲ. ಹಳೆಯ ಲೆಕ್ಕ ನೆರವಾಗಬಹುದಾದದ್ದು ಈ ನೆಲದ ಅಗೆತ, ಬುನಾದಿ, ಕೂಲಿ, ಸಾಗಣೆಯ ವಿಷಯದಲ್ಲಿ. ಸಾಫ್ಟ್‌ವೇರ್ ಸೂತ್ರ ಕೊಡುತ್ತದೆ. ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಹೇಳಬೇಕಾದವರು ಎಂಜಿನಿಯರುಗಳೇ.

ಅಂದಾಜು ತಪ್ಪಿದ ಬಿಸಿ ಮನೆಯ ಕರೆಂಟ್ ಬಿಲ್ಲಿಗೂ ತಟ್ಟುತ್ತದೆ. ಸ್ಥಾವರದ ಬಂಡವಾಳ ವೆಚ್ಚ ಎಷ್ಟೆಂದು ಮಾನ್ಯವಾಗುತ್ತದೋ ಅದರ ಮೇಲೆಯೇ ಸವಕಳಿ, ಸಾಲದ ಬಡ್ಡಿ, ಷೇರು ಬಂಡವಾಳದ ಪ್ರತಿಫಲ ಲೆಕ್ಕ ಹಾಕಿ ವಿದ್ಯುತ್ ದರದ ಸ್ಥಿರ ಭಾಗ ಗೊತ್ತುಮಾಡುತ್ತಾರೆ. ಕಾಮಗಾರಿ ತಡವಾದಷ್ಟೂ ನಿರ್ಮಾಣ ಕಾಲದ ಬಡ್ಡಿ ಬೆಳೆದು ಅದೂ ಬಂಡವಾಳಕ್ಕೆ ಸೇರುತ್ತದೆ.

ಎರೆಮಣ್ಣು ಕೇಳುವ ಪ್ರಶ್ನೆ

ವಿದೇಶಿ ಸಾಫ್ಟ್‌ವೇರಿನಲ್ಲಿ ‘ಕಾಲುವೆ ಅಗೆತ, ಕಾಂಕ್ರೀಟ್ ಹೊದಿಕೆ’ ಎಂಬ ಬಾಬ್ತು ಸಿದ್ಧವಾಗಿಯೇ ಸಿಗಬಹುದು. ದೇವದುರ್ಗ, ಮಾನ್ವಿಯ ಎರೆಭೂಮಿಯಲ್ಲಿ ಅಷ್ಟಕ್ಕೇ ದರ ಕಟ್ಟಿದರೆ ಕೆಟ್ಟಂತೆಯೇ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ, ಮೇಲಿನ ಕಾಂಕ್ರೀಟನ್ನು ಎತ್ತಿ ಒಡೆಯುತ್ತದೆ. ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿ ಇದಕ್ಕೆ ಪರಿಹಾರ ಕಂಡುಕೊಂಡರು: ಎರೆಮಣ್ಣಿಗೂ ಹೊದಿಕೆಗೂ ನಡುವೆ ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ಪದರ. ಎಂಜಿನಿಯರುಗಳ ಮಾತಿನಲ್ಲಿ ಅದು ‘ಸಿಎನ್‌ಎಸ್’. ಭಾರತೀಯ ಮಾನಕ ಐಎಸ್ 9451 ಅದರ ನಿಯಮ ಹೇಳುತ್ತದೆ.

ಅಂದಾಜಿಗೆ ಇದರ ಅರ್ಥ ಏನು? ಎರೆಮಣ್ಣನ್ನು ಹೆಚ್ಚು ಆಳಕ್ಕೆ ಅಗೆದು ತೆಗೆಯಬೇಕು. ತಕ್ಕ ಗರಸುಮಣ್ಣನ್ನು ಹುಡುಕಿ, ಪರೀಕ್ಷೆ ಮಾಡಿಸಿ, ಲಾರಿಯಲ್ಲಿ ತರಬೇಕು. ಪದರಪದರವಾಗಿ ನೀರು ಹಾಕಿ ಕುಟ್ಟಬೇಕು. ಆ ಮಣ್ಣು ಸಿಗುವ ಜಾಗ ಐದು ಕಿಲೋಮೀಟರೋ ಇಪ್ಪತ್ತೈದೋ ಎಂಬುದರ ಮೇಲೆ ಇಡೀ ಕಾಲುವೆಯ ದರ ಏರಿಳಿಯುತ್ತದೆ. ಸ್ಥಾವರದ ಬುನಾದಿಗೂ ಉಗ್ರಾಣದ ನೆಲಕ್ಕೂ ಇದೇ ಮಾತು.

ಅಳತೆಯ ತೊಡಕು ಇನ್ನೊಂದು. ದೇಶ 1956ರ ಕಾಯ್ದೆಯೊಂದಿಗೆ ಮೆಟ್ರಿಕ್ ಪದ್ಧತಿಗೆ ತಿರುಗಿತು. ಕಾಮಗಾರಿ ಅಳೆಯುವ ಕ್ರಮಕ್ಕೆ ಐಎಸ್ 1200 ಇದೆ. ಆದರೂ ಈ ಭಾಗದಲ್ಲಿ ಉಸುಕು, ಖಡಿಯ ದರ ಕೇಳಿದರೆ ಇಂದಿಗೂ ‘ಬ್ರಾಸ್’ನಲ್ಲೇ ಹೇಳುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಎಸ್‌ಆರ್ ಮತ್ತು ಟೆಂಡರ್ ಘನ ಮೀಟರಿನಲ್ಲಿ, ಮಾಲು ಬರುವುದು ಬ್ರಾಸ್‌ನಲ್ಲಿ. ಎರಡನ್ನೂ ತಾನೇ ಹೊಂದಿಸದ ಸಾಫ್ಟ್‌ವೇರ್ ಇಲ್ಲಿ ದಿನವೂ ತಪ್ಪಿಗೆ ಎಡೆಮಾಡುತ್ತದೆ.

ಕೊಳ್ಳುವ ಮೊದಲು

ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಇ-ಪ್ರೊಕ್ಯೂರ್‌ಮೆಂಟ್ ಶುರುವಾದದ್ದು 2007ರಲ್ಲಿ. ಆಗಿನಿಂದ ಟೆಂಡರ್ ಪೆಟ್ಟಿಗೆ ಕಂಪ್ಯೂಟರಿಗೆ ಸರಿಯಿತು. ಅಂದಾಜನ್ನೂ ಕಂಪ್ಯೂಟರಿನಲ್ಲೇ ಕಟ್ಟಲು ಹೊರಟ ನಿಮಗೆ ಸಾಫ್ಟ್‌ವೇರಿನವರು ಡೆಮೊ ತೋರಿಸಲು ಬಂದಾಗ ಅವರದೇ ಮಾದರಿ ಕಟ್ಟಡ ನೋಡಿ ಮರುಳಾಗಬಾರದು. ನಿಮ್ಮದೇ ಮುಗಿದ ಒಂದು ಕಾಮಗಾರಿ ಕೊಡಿ. ಅಂತಿಮ ಬಿಲ್ಲು ನಿಮ್ಮ ಕೈಯಲ್ಲಿರಲಿ. ಹಳೆಯ ನಕ್ಷೆ, ಆ ವರ್ಷದ ಎಸ್‌ಆರ್ ಇಟ್ಟುಕೊಂಡು ಅವರು ಕಟ್ಟುವ ಮೊತ್ತ ಎಲ್ಲಿ, ಏಕೆ ಬೇರೆಯಾಗುತ್ತದೆ ಎಂದು ಬಾಬ್ತುವಾರು ಕೇಳಿ.

ಆಮೇಲೆ ಈ ಪರೀಕ್ಷೆಗಳು. ರಾಜ್ಯದ ಎಸ್‌ಆರ್ ಒಳಗೆ ಹಾಕಿಕೊಳ್ಳುತ್ತದೆಯೇ? ವರ್ಷವಾರು ಬೇರೆಬೇರೆ ಇಡಲು ಬರುತ್ತದೆಯೇ? ಡೇಟಾ ರೇಟನ್ನು ನೀವೇ ಕಟ್ಟಿ, ಲೀಡ್ ಬದಲಿಸಿದರೆ ದರ ತಾನೇ ಬದಲಾಗುತ್ತದೆಯೇ? ಜಿಎಸ್‌ಟಿ ದರದಿಂದ ಬೇರೆಯಾಗಿ ನಿಲ್ಲುತ್ತದೆಯೇ? 2022ರ ಜುಲೈನಲ್ಲಿ ಸರ್ಕಾರಿ ಕಾಮಗಾರಿಗಳ ಮೇಲಿನ ತೆರಿಗೆ ಶೇ 12ರಿಂದ 18ಕ್ಕೆ ಏರಿದಾಗ, ತೆರಿಗೆಯನ್ನು ದರದೊಳಗೇ ಬೆರೆಸಿಟ್ಟವರು ಸಾಲುಸಾಲಾಗಿ ತಿದ್ದಬೇಕಾಗಿತ್ತು. ಭೂಮಿ, ಪುನರ್ವಸತಿ, ನಿರ್ಮಾಣ ಕಾಲದ ಬಡ್ಡಿಗೆ ಬೇರೆ ಅಂಕಣಗಳಿವೆಯೇ? ಯಾರು, ಯಾವ ದಿನ, ಯಾವ ದರ ತಿದ್ದಿದರು ಎಂದು ಎಂ.ಬಿ.ಯಂತೆ ದಾಖಲಾಗುತ್ತದೆಯೇ? ಸೈಟಿನಲ್ಲಿ ನೆಟ್‌ವರ್ಕ್ ಇಲ್ಲದಾಗ ನಡೆಯುತ್ತದೆಯೇ? ವರ್ಷದ ಚಂದಾ ನಿಲ್ಲಿಸಿದರೆ ನಿಮ್ಮ ಹಳೆಯ ಲೆಕ್ಕಗಳು ನಿಮಗೆ ಉಳಿಯುತ್ತವೆಯೇ?

ಮಾನ್ವಿಯಲ್ಲಿ ಒಂದು ಅಕ್ಕಿ ಗಿರಣಿ ಅಥವಾ ರಾಯಚೂರಿನಲ್ಲಿ ಒಂದು ಹತ್ತಿ ಜಿನ್ನಿಂಗ್ ಘಟಕ ಕಟ್ಟಿಸುವವರಿಗೆ ಇಷ್ಟೆಲ್ಲ ಬೇಕಿಲ್ಲ. ಯಂತ್ರದವರ ಕೊಟೇಶನ್, ಅಚ್ಚುಕಟ್ಟಾದ ಎಕ್ಸೆಲ್ ಹಾಳೆ, ಅದನ್ನು ಪರಿಶೀಲಿಸುವ ಎರಡನೆಯ ಎಂಜಿನಿಯರ್ ಇದ್ದರೆ ಸಾಕು. ವರ್ಷಕ್ಕೆ ಹತ್ತಾರು ದೊಡ್ಡ ಟೆಂಡರ್ ಹಾಕುವವರಿಗೆ, ಹಲವರು ಕೂಡಿ ಒಂದೇ ಅಂದಾಜು ಕಟ್ಟುವವರಿಗೆ ಮಾತ್ರ ದುಬಾರಿ ಸಾಫ್ಟ್‌ವೇರ್ ಲಾಭದಾಯಕ.

ಯಾವ ಸಾಫ್ಟ್‌ವೇರ್ ಕೊಂಡರೂ ಅದಕ್ಕೆ ಬೇಕಾದ ಆಹಾರ ಮುಗಿದ ಕಾಮಗಾರಿಗಳ ನಿಜವಾದ ಖರ್ಚು. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲಿವ್‌ಬ್ಯಾರ್ಗ್ ಜಗತ್ತಿನ 16,000ಕ್ಕೂ ಹೆಚ್ಚು ಯೋಜನೆಗಳನ್ನು ತುಲನೆ ಮಾಡಿದಾಗ ಹೇಳಿದ ವೆಚ್ಚ ಮತ್ತು ಅವಧಿ ಎರಡನ್ನೂ ಉಳಿಸಿಕೊಂಡವು ಶೇ 8.5 ಮಾತ್ರ. ಅಂಥದ್ದೇ ಯೋಜನೆಗಳು ಹಿಂದೆ ಎಷ್ಟಕ್ಕೆ ಮುಗಿದವು ಎಂದು ಮೊದಲು ನೋಡಿ ಎನ್ನುವುದು ಅವರ ಸಲಹೆ. ಕೇಂದ್ರ ಸರ್ಕಾರದ ಅಂಕಿಅಂಶ ಸಚಿವಾಲಯ 150 ಕೋಟಿಗೂ ಮೇಲಿನ ಕೇಂದ್ರ ಯೋಜನೆಗಳ ಮೂಲ ವೆಚ್ಚ, ಪರಿಷ್ಕೃತ ವೆಚ್ಚ ಪ್ರಕಟಿಸುತ್ತದೆ. ಅದು ಒಟ್ಟು ಮೊತ್ತ, ಬಾಬ್ತುವಾರು ವಿವರವಲ್ಲ.

ಕೃಷ್ಣಾ ಭಾಗ್ಯ ಜಲ ನಿಗಮ, ವಿದ್ಯುತ್ ನಿಗಮ, ಲೋಕೋಪಯೋಗಿ ಇಲಾಖೆಗಳು ತಮ್ಮ ಮುಗಿದ ಕಾಮಗಾರಿಗಳ ಅಂದಾಜು ಮತ್ತು ಅಂತಿಮ ಬಿಲ್ಲನ್ನು ಅಕ್ಕಪಕ್ಕ ಇಟ್ಟು, ಬಾಬ್ತುವಾರು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಪ್ರಕಟಿಸಬೇಕು. ಖರ್ಚಾದದ್ದು ಜನರ ಹಣ, ಅದರ ಪಾಠವೂ ಜನರದೇ ಆಗಬೇಕು. ಆ ಮಾಹಿತಿ ಇಲ್ಲದೆ ಲಕ್ಷಗಟ್ಟಲೆ ಕೊಟ್ಟು ಕೊಂಡ ಸಾಫ್ಟ್‌ವೇರ್ ಹಳೆಯ ತಪ್ಪನ್ನೇ ಇನ್ನಷ್ಟು ಬೇಗ ಕೂಡಿಸಿ ಕೊಡುತ್ತದೆ.