ಮೊದಲು ಪರಿಹಾರ, ಆಮೇಲೆ ವಸೂಲಿ!

ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದಲ್ಲಿ ಒಂದು ಗೋದಾಮು ಎಂದಿಟ್ಟುಕೊಳ್ಳಿ. ಮೂಟೆ ಇಳಿಸುತ್ತಿದ್ದ ಸಂಬಳದ ಆಳಿಗೆ ಹೊರಗಿನ ಲಾರಿಯೊಂದು ರಿವರ್ಸ್ ಬಂದು ಗುದ್ದಿತು. ಕಾಲು ಹೋಯಿತು.

"ಗುದ್ದಿದ್ದು ನಾನಲ್ಲಪ್ಪಾ, ಲಾರಿಯವನನ್ನ ಕೇಳ್ಕೋ ಹೋಗು" ಅಂತಾರೆ ಸಾಹುಕಾರರು. "ನಿಮ್ಮ ಸಾಹುಕಾರ್ರನ್ನೇ ಕೇಳಣ್ಣ" ಅಂತಾನೆ ಲಾರಿಯವನು. ಇಬ್ಬರ ನಡುವೆ ಬಡವ ಅಲೆಯಬೇಕೆ?

ಬೇಕಿಲ್ಲ. ಕೆಲಸದ ವೇಳೆ, ಕೆಲಸದ ಕಾರಣದಿಂದ ಆದ ಪೆಟ್ಟಿಗೆ ಪರಿಹಾರ ಕೊಡಬೇಕಾದವರು ಮಾಲೀಕರೇ. ಅವರ ತಪ್ಪೆಂದು ಆಳು ಸಾಬೀತು ಮಾಡಬೇಕಾಗಿಲ್ಲ. ತಿಂಗಳೊಳಗೆ ಕೊಡದಿದ್ದರೆ ಬಡ್ಡಿ. ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ದಂಡವೂ ಉಂಟು. ಇ.ಎಸ್.ಐ. ಇದ್ದವರಿಗೆ ಮಾತ್ರ ಪರಿಹಾರ ಅಲ್ಲಿಂದ.

ಹಾಗಾದರೆ ಮಾಲೀಕರಿಗೆ ನಷ್ಟವೇ? ಅದೂ ಅಲ್ಲ. ಕೊಟ್ಟ ಹಣವನ್ನು ತಪ್ಪಿತಸ್ಥ ಮೂರನೆಯವನಿಂದ ವಸೂಲು ಮಾಡುವ ಹಕ್ಕನ್ನು 1923ರ ಕಾಯ್ದೆಯ 13ನೇ ಕಲಂ ಕೊಟ್ಟಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ಮನೆಯಿಂದ ಡ್ಯೂಟಿಗೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸದ ನಂಟಿದ್ದರೆ, ಈಗ ಲೆಕ್ಕಕ್ಕೆ ಬರುತ್ತದೆ.

ಆಳೂ ಒಂದು ಮಾತು ತಿಳಿದಿರಲಿ: ವಾಹನ ಗುದ್ದಿದ ಪ್ರಕರಣದಲ್ಲಿ ಮಾಲೀಕರಿಂದ ಪರಿಹಾರ, ಇಲ್ಲವೇ ವಾಹನ ಅಪಘಾತ ನ್ಯಾಯಮಂಡಳಿಯಲ್ಲಿ ಅರ್ಜಿ. ಎರಡರಲ್ಲಿ ಒಂದೇ ದಾರಿ.

ಲಾರಿಯವನ ಜೊತೆಗಿನ ಜಗಳ ಸಾಹುಕಾರರದ್ದು. ಆಸ್ಪತ್ರೆಯ ಮಂಚದ ಮೇಲಿರುವವನದ್ದಲ್ಲ.